ಗುರುಶಾಂತ ಕಾರಿಗೆ ಸ್ಕ್ರೀನ್ ಹಾಕಿದ್ದು

೨೦೧೯ರ ಫೆಬ್ರವರಿ ೪, ಸೋಮವಾರ. ನನ್ನ ಡೈರಿಯಲ್ಲಿ ಆ ದಿನ ಹೀಗೆ ಬರೆದಿದೆ: "ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಗುರುಶಾಂತ ಕಾರಿನ ಹಳೇ ರೇಡಿಯೊ ಕಿತ್ತು ಟಚ್ ಸ್ಕ್ರೀನ್ ಹಾಕುತ್ತೇನೆ ಎಂದ. ಯಾರ ಕೈಲೂ ಹಾಕಿಸುವುದಿಲ್ಲವಂತೆ, ಮನೆಯಲ್ಲೇ ತಾನೇ ಹಾಕುತ್ತಾನಂತೆ. ದೇವರಿದ್ದಾನೆ."

ನಾನು ದಿನವೂ ಡೈರಿ ಬರೆಯುವವಳು. ೧೯೭೬ರಲ್ಲಿ ಬಿ.ಎಸ್ಸಿ. ಪಾಸಾದೆ, ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸು. ಅಂಕಪಟ್ಟಿ ಟ್ರಂಕಿನಲ್ಲಿದೆ, ನಂಬದವರು ಬಂದು ನೋಡಬಹುದು. ಆದ್ದರಿಂದ ಈ ಕತೆಯಲ್ಲಿ ನಾನು ಒಂದು ಮಾತನ್ನೂ ಸೇರಿಸಿಲ್ಲ. ಸೇರಿಸುವ ಅಗತ್ಯವೂ ಬೀಳಲಿಲ್ಲ.

ಗುರುಶಾಂತ ನನ್ನ ಒಬ್ಬನೇ ಮಗ. ಆಗ ಅವನಿಗೆ ಮೂವತ್ತೆರಡು. ದಾವಣಗೆರೆಯಲ್ಲಿ ನಮ್ಮದೊಂದು ಮಂಡಕ್ಕಿ ಭಟ್ಟಿ ಇದೆ. ಅಲ್ಲಿ ಚೀಲ ಎಣಿಸು ಎಂದರೆ ಎಣಿಸುತ್ತಾನೆ, ಸಾಕು ಎನ್ನುವವರೆಗೂ ಎಣಿಸುತ್ತಲೇ ಇರುತ್ತಾನೆ. ಚಟವಿಲ್ಲ, ಸುಳ್ಳಿಲ್ಲ, ಎದುರುಮಾತಿಲ್ಲ. ಹೇಳಿದ್ದನ್ನು ಮಾಡುತ್ತಾನೆ. ಹೇಳಿದ್ದನ್ನೇ ಮಾಡುತ್ತಾನೆ. ತೊಂದರೆ ಇರುವುದೇ ಅಲ್ಲಿ.

ಅಷ್ಟರಲ್ಲಿ ಏಳು ಹೆಣ್ಣು ನೋಡಿ ಆಗಿತ್ತು. ಏಳನೆಯ ಮನೆಯಲ್ಲಿ ಹುಡುಗಿಯ ತಂದೆ, "ಸಂಕೋಚ ಬ್ಯಾಡಪ್ಪ, ನಿನ್ನ ಮನೆ ಅಂತ ತಿಳ್ಕೋ" ಎಂದರು. ಇವನು ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಫ್ಯಾನಿನ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ. ಆ ಸಂಬಂಧ ಅಲ್ಲಿಗೇ ಮಲಗಿತು.

ಎಂಟನೆಯದು ರಾಣೆಬೆನ್ನೂರಿನ ಹುಡುಗಿ, ದಾಕ್ಷಾಯಿಣಿ. ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಾವು ಹೋಗಿ ನೋಡಿ ಬಂದಿದ್ದೆವು. ಅಲ್ಲಿ ಏನೂ ಅನಾಹುತವಾಗಲಿಲ್ಲ, ಏಕೆಂದರೆ ಬಾಯಿ ಬಿಡಬೇಡ ಎಂದು ಹೇಳಿ ಕರೆದುಕೊಂಡು ಹೋಗಿದ್ದೆ. ಕೊಟ್ಟ ಉಪ್ಪಿಟ್ಟನ್ನೂ ಅವನು ಮುಟ್ಟಲಿಲ್ಲ. ಈಗ ಭಾನುವಾರ ಅವರು ನಮ್ಮ ಮನೆ ನೋಡಲು ಬರುವವರಿದ್ದರು. ಹುಡುಗಿಯೂ ಬರುತ್ತಾಳಂತೆ, ತಾನೂ ನೋಡಬೇಕಂತೆ. ಈ ಸಂಬಂಧ ತಂದವರು ನನ್ನ ಅಣ್ಣ ಚಂದ್ರಶೇಖರಪ್ಪ, ರಿಟೈರ್ಡ್ ಹೆಡ್ಮಾಸ್ಟರು. "ಮಂಗಳಾ, ಇದೇ ಕೊನೇದು. ಇದೂ ತಪ್ಪಿದ್ರೆ ನನ್ನ ಕೇಳಬ್ಯಾಡ" ಎಂದಿದ್ದರು. ಸ್ಟೇಷನ್ನಿನಿಂದ ನಮ್ಮ ಕಾರಿನಲ್ಲೇ ಕರೆತರಬೇಕೆಂದು ಮಾತಾಗಿತ್ತು.

ಆ ಕಾರಿನ ಜೊತೆಗೇ ಬಂದ ರೇಡಿಯೊ ಕೆಮ್ಮುತ್ತಿತ್ತು, ಹಾಡುತ್ತಿರಲಿಲ್ಲ. "ಅವ್ವಾ, ಸ್ಕ್ರೀನ್ ಹಾಕ್ತೀನಿ. ಮೊಬೈಲ್ನಾಗೆ ನೋಡೀನಿ, ನಾನೇ ಹಾಕ್ತೀನಿ" ಎಂದ. ಮೂವತ್ತೆರಡು ವರ್ಷದಲ್ಲಿ ಯಾರೂ ಹೇಳದೆ ಅವನೇ ಎತ್ತಿಕೊಂಡ ಮೊದಲ ಕೆಲಸ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

"ಹೋಗು, ಅಂಗಡಿಗೆ ಹೋಗಿ ಸ್ಕ್ರೀನ್ ತಗೊಂಡು ಬಾ" ಎಂದೆ.

ಹೋದ. ಸ್ಕ್ರೀನನ್ನು ಎದೆಗವಚಿಕೊಂಡು ಬಂದ. ಡಬ್ಬಿಯಿಲ್ಲ, ವೈರಿಲ್ಲ, ಕೂರಿಸುವ ಚೌಕಟ್ಟಿಲ್ಲ, ಸ್ಕ್ರೂ ಇಲ್ಲ.

"ಲೇ, ಉಳಿದದ್ದೆಲ್ಲಿ?"

"ಅಂಗಡೀಲಿ ಐತೆ. ಅವನು ಕೊಟ್ಟ, ನಾನು ಬ್ಯಾಡ ಅಂದೆ. ನೀನು ಸ್ಕ್ರೀನ್ ತಗೊಂಡು ಬಾ ಅಂದ್ಯಲ್ಲವ್ವ!"

"ಅಯ್ಯೋ ನನ್ನ ಕರ್ಮವೇ! ಸ್ಕ್ರೂ ಇಲ್ದೆ ಅದನ್ನ ಅನ್ನದ ಅಗುಳಲ್ಲಿ ಅಂಟಿಸ್ತೀಯಾ? ಕೇಳು, ಇನ್ನು ಮೇಲೆ ಯಾವ ಕೆಲಸ ಮಾಡಿದ್ರೂ ಒಂದು ಸ್ಕ್ರೂ ಸಹ ಬಿಡಬಾರದು!"

"ಆಯ್ತವ್ವ, ಹಂಗೇ ಮಾಡ್ತೀನಿ" ಎಂದ. ಹಾಗೇ ಮಾಡಿದ.

ಮಂಗಳವಾರ ಅಂಗಡಿಯಿಂದ ಉಳಿದದ್ದನ್ನೂ ತಂದು, ಹಳೇ ರೇಡಿಯೊ ತೆಗೆಯಲು ಕೂತ. ನಾನು ಒಳಗೆ ಭಟ್ಟಿಯ ಲೆಕ್ಕ ನೋಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಕರೆಯಲು ಹೊರಗೆ ಬಂದರೆ ಸೀಟುಗಳು ಜಗಲಿಯ ಮೇಲೆ ಕೂತಿವೆ. ಸ್ಟೇರಿಂಗು ಬಟ್ಟೆ ಒಗೆಯುವ ಕಲ್ಲಿನ ಮೇಲಿದೆ. ಬಾಗಿಲಿನ ಹಿಡಿ, ಕನ್ನಡಿ, ನಂಬರ್ ಪ್ಲೇಟು ಒಂದರ ಮೇಲೊಂದು. ಕಾರು ಸಿಪ್ಪೆ ಸುಲಿದ ಹಲಸಿನ ಹಣ್ಣಿನಂತೆ ನಿಂತಿದೆ. ಪಕ್ಕದಲ್ಲೊಂದು ಬಕೆಟ್, ಅದರ ತುಂಬ ಸ್ಕ್ರೂ.

"ಲೇ ಗುರುಶಾಂತ! ಇದೇನೋ ಇದು?"

"ಒಂದೂ ಬಿಟ್ಟಿಲ್ಲವ್ವ! ನೀನೇ ಹೇಳಿದ್ಯಲ್ಲ!"

"ರೇಡಿಯೊಗಿರೋದು ನಾಕೇ ಸ್ಕ್ರೂ ಕಣೋ!"

"ಅವನ್ನೂ ಬಿಚ್ಚೀನಿ."

ನಾನು ಎಣಿಸಿದೆ. ಇನ್ನೂರ ಹದಿಮೂರು. ಬೀದಿಯ ಕೊನೆಯ ಗ್ಯಾರೇಜಿನಿಂದ ನೂರುಲ್ಲಾನನ್ನು ಕರೆಸಿದೆ. ಒಳ್ಳೆಯ ಮೆಕ್ಯಾನಿಕ್ಕು. ಬಕೆಟ್ ನೋಡಿ, "ಅಮ್ಮಾ, ಕಾರು ಗುಜರಿಗೆ ಹಾಕ್ತಿದೀರಾ?" ಎಂದ. ಒಂದೂವರೆ ದಿನ ಕೂತು ಎಲ್ಲವನ್ನೂ ಮತ್ತೆ ಜೋಡಿಸಿದ. ಕೊನೆಗೆ ಏಳು ಸ್ಕ್ರೂ ಉಳಿದವು. ಎಲ್ಲಿಯವೆಂದು ಅವನಿಗೂ ತಿಳಿಯಲಿಲ್ಲ.

"ನನ್ನ ಅಡುಗೆಮನೆ ನೋಡೋ ಮಂಕೇ!" ಎಂದೆ. "ಪ್ರತಿ ಡಬ್ಬಿಗೂ ಚೀಟಿ, ಚೀಟಿ ಮೇಲೆ ತಾರೀಖು. ಏನು ಬಿಚ್ಚಿದ್ರೂ ಚೀಟಿ ಅಂಟಿಸಬೇಕು, ಎಲ್ಲಿಂದ ಬಂತು ಅಂತ ಬರೀಬೇಕು!"

"ಆಯ್ತವ್ವ, ಹಂಗೇ ಮಾಡ್ತೀನಿ." ಹಾಗೇ ಮಾಡಿದ.

ಗುರುವಾರ ರೇಡಿಯೊದ ಹಿಂದಿನ ವೈರುಗಳಿಗೆ ಕೈ ಹಾಕಿದ. ಹದಿನಾರು ವೈರು. ಒಂದೊಂದನ್ನೂ ಎಳೆದು ಬಿಡಿಸಿ, ಒಂದೊಂದಕ್ಕೂ ಚೀಟಿ ಕಟ್ಟಿದ. ಅಕ್ಷರವೇನೋ ಮುತ್ತಿನಂಥದ್ದು, ಆ ವಿಷಯದಲ್ಲಿ ನನ್ನನ್ನೇ ಹೋತಿದ್ದಾನೆ. ನಾನು ಕನ್ನಡಕ ಹಾಕಿಕೊಂಡು ಓದಿದೆ. ಮೊದಲನೆಯ ಚೀಟಿ: "ಕಾರಿನಿಂದ ಬಂತು. ೭-೨-೨೦೧೯." ಎರಡನೆಯದು: "ಕಾರಿನಿಂದ ಬಂತು." ಮೂರನೆಯದು: "ಕಾರಿನಿಂದ ಬಂತು." ಹದಿನಾರೂ ಕಾರಿನಿಂದಲೇ ಬಂದಿದ್ದವು!

"ಮತ್ತೆಲ್ಲಿಂದ ಬರ್ತದವ್ವ?" ಎಂದು ನನ್ನನ್ನೇ ಕೇಳಿದ.

ಉತ್ತರ ಕೊಡುವುದರೊಳಗೆ ಸಿಪ್ಪೆ ಹೋದ ಒಂದು ವೈರು ಇನ್ನೊಂದಕ್ಕೆ ತಾಗಿ ಚಟ್ ಎಂದಿತು. ಕಿಡಿ ಹಾರಿತು. ಹೊಗೆ ಬಂತು. ನೂರುಲ್ಲಾ ಓಡಿ ಬಂದವನು ಬಾನೆಟ್ ತೆಗೆದು ಬ್ಯಾಟರಿಯ ತಂತಿ ಕಳಚಿದ.

"ಫ್ಯೂಸ್ ಸುಟ್ಟಿದಾವಮ್ಮ. ಮೊದ್ಲು ಬ್ಯಾಟರಿ ಕಳಚ್ದೆ ಯಾರಾದ್ರೂ ವೈರು ಮುಟ್ತಾರಾ?"

"ಕೇಳಿಸ್ತೇನೋ?" ಎಂದು ನಾನೂ ಕೂಗಾಡಿದೆ. "ಮೈಯೆಲ್ಲ ಸುಟ್ಕೊಳ್ತಿದ್ಯಲ್ಲೋ! ಇನ್ನು ಮೇಲೆ ಯಾವ ಕೆಲಸಕ್ಕೆ ಹೋದ್ರೂ ಮೊದಲು ಬ್ಯಾಟರಿ ತೆಗೀಬೇಕು. ಆಮೇಲೆ ಮುಂದಿನ ಮಾತು!"

"ಆಯ್ತವ್ವ, ಹಂಗೇ ಮಾಡ್ತೀನಿ." ಹಾಗೇ ಮಾಡಿದ. ಎಲ್ಲಿ ಮಾಡಿದ ಕೇಳಿ.

ಕಾರು ಭಾನುವಾರಕ್ಕೆ ಸಿದ್ಧವಾಗುವುದು ಅನುಮಾನವೆಂದು ನೂರುಲ್ಲಾ ಹೇಳಿದ. ಸುಟ್ಟ ವಾಸನೆಯ ಕಾರಿನಲ್ಲಿ ಬೀಗರನ್ನು ಕೂರಿಸಲಾದೀತೆ? ಶುಕ್ರವಾರ ಗುರುಶಾಂತನನ್ನು ನನ್ನ ಅಣ್ಣನ ಮನೆಗೆ ಕಳಿಸಿದೆ. "ಮಾವನಿಗೆ ಹೇಳು, ಬರೋದನ್ನ ಮುಂದಿನ ಭಾನುವಾರಕ್ಕೆ ಹಾಕ್ಬೇಕಂತೆ. ಅವರು ಒಪ್ಪಿದ ಮೇಲೇ ಬಾ" ಎಂದೆ.

ಅರ್ಧ ಗಂಟೆಯಲ್ಲಿ ಬಂದ. "ಒಪ್ಪಿದ್ರವ್ವ. ನಾನು ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂತ ತಲೆ ಆಡಿಸಿದ್ರು."

ನನಗೆ ನಿಜಕ್ಕೂ ಸಂತೋಷವಾಯಿತು. ಡೈರಿಯಲ್ಲೂ ಬರೆದೆ: "ಗು. ಒಂದು ಕೆಲಸ ಸರಿಯಾಗಿ ಮಾಡಿದ."

ಶನಿವಾರ ಬೆಳಿಗ್ಗೆ ಅಣ್ಣನ ಫೋನು. "ಮಂಗಳಾ, ನಾಳೆ ಹತ್ತೂವರೆ ಗಾಡಿಗೆ ಬರ್ತಾರೆ. ಕಾರು ಕಳಿಸು!"

"ಅಣ್ಣಾ, ಮುಂದಿನ ವಾರ ಅಂತ ಹೇಳಿ ಕಳಿಸಿದ್ನಲ್ಲ!"

"ಹೂಂ, ಹತ್ತೂವರೆ!"

"ನಾಳೆ ಬ್ಯಾಡಣ್ಣ!"

"ಹೂಂ, ಮಂಡಕ್ಕಿ ಒಗ್ಗರಣೆ ಮಾಡು, ಸಾಕು! ನೀನು ಏನಂತೀಯೋ ನನಗೆ ಕೇಳಿಸ್ತಿಲ್ಲವ್ವ. ನಿನ್ನೆ ನಿನ್ನ ಮಗ ಬಂದು ನನ್ನ ಕಿವಿ ಮಿಷನ್ನಿಗೆ ಕೈ ಹಾಕಿದ್ದೇ ಹಾಕಿದ್ದು, ಲೋಕವೆಲ್ಲ ನಿಶ್ಶಬ್ದ ಆಗಿಬಿಟ್ಟಿದೆ!"

ಫೋನಿಟ್ಟರು. ನಾನು ತಿರುಗಿ ನೋಡಿದೆ. ಗುರುಶಾಂತ ಜೇಬಿಗೆ ಕೈ ಹಾಕಿ, ಕಡಲೆಕಾಳಿನಷ್ಟು ದಪ್ಪದ ಒಂದು ಬ್ಯಾಟರಿಯನ್ನು ನನ್ನ ಅಂಗೈ ಮೇಲಿಟ್ಟ.

"ಮೊದಲು ಬ್ಯಾಟರಿ ತೆಗೆದೆ. ಆಮೇಲೆ ಮಾತಾಡಿದೆ. ನೀನೇ..."

"ನಾನೇ ಹೇಳಿದ್ದೆ, ಗೊತ್ತು! ಸುಮ್ನಿರು!"

ನಾಳೆ ಬೀಗರು. ಅಂಗಳದಲ್ಲಿ ಬಾಯಿ ತೆರೆದುಕೊಂಡ ಕಾರು. ನೂರುಲ್ಲಾನ ಕೈಕಾಲು ಹಿಡಿಯುವುದೊಂದು ಬಾಕಿ. ಪಾಪ, ಅವನು ಗ್ಯಾರೇಜಿಗೆ ಬೀಗ ಹಾಕಿ ಬಂದ. ಫ್ಯೂಸ್ ಬದಲಿಸಿದ, "ಕಾರಿನಿಂದ ಬಂತು" ಎಂಬ ಹದಿನಾರು ಚೀಟಿ ಕಿತ್ತೆಸೆದ, ವೈರು ಕೂಡಿಸಿದ. ಗುರುಶಾಂತ ಸ್ಕ್ರೀನ್ ಹಿಡಿದುಕೊಂಡ, ನಾಲ್ಕೇ ಸ್ಕ್ರೂ ತಿರುಗಿಸಿದ. ಸಂಜೆಗೆ ಹೊತ್ತಿಕೊಂಡಿತು ನೋಡಿ! ದೊಡ್ಡ ಬೆಳಕಿನ ಪರದೆ. ಬೆರಳಿಟ್ಟರೆ ವಚನ ಹಾಡುತ್ತದೆ. ಹಿಂದೊಂದು ಕ್ಯಾಮೆರಾ ಬೇರೆ. ಕಾರು ರಿವರ್ಸ್ ಹೋಗುವಾಗ ಹಿಂದಿನ ದಾರಿಯೆಲ್ಲ ಪರದೆಯಲ್ಲಿ ಕಾಣುತ್ತದೆ. ಮುಂದೆ ಹೋಗುವಾಗ ಬರೀ ಹಾಡಿನ ಪಟ್ಟಿ. ಗುರುಶಾಂತನ ಮುಖ ಆ ಪರದೆಗಿಂತ ಹೆಚ್ಚು ಬೆಳಗುತ್ತಿತ್ತು.

ನಮ್ಮ ಕಾಂಪೌಂಡು ಇಕ್ಕಟ್ಟು, ಮನೆಯ ಪಕ್ಕದಲ್ಲಿ ಗೇಟಿನಿಂದ ಹಿತ್ತಲ ಗೋಡೆಯವರೆಗೆ ಒಂದೇ ಕಾರಿನಗಲ. ಕಾರು ಮೂತಿ ಮುಂದಾಗಿ ಒಳಗೆ ಬಂದರೆ ರಿವರ್ಸಿನಲ್ಲೇ ಹೊರಗೆ ಹೋಗಬೇಕು. "ಒಂದು ಸುತ್ತು ಓಡಿಸಿ ಬರ್ತೀನವ್ವ" ಎಂದವನು ನನ್ನ ಕಡೆ ನೋಡಿ ನಗುತ್ತಾ, ಕೈಬೀಸುತ್ತಾ ರಿವರ್ಸ್ ತೆಗೆದ. ಢಮಾರ್! ಗೇಟಿನ ಪಕ್ಕದ ನೀರಿನ ಡ್ರಮ್ಮು ಅಪ್ಪಚ್ಚಿ. ತುಂಬಿಟ್ಟಿದ್ದ ನೀರೆಲ್ಲ ಬೀದಿ ಪಾಲು.

"ಕಣ್ಣು ಎಲ್ಲಿಟ್ಟಿದ್ಯೋ? ಅಷ್ಟು ದೊಡ್ಡ ಸ್ಕ್ರೀನ್ ಯಾಕೆ ಹಾಕಿದ್ದು, ಮುಖ ನೋಡ್ಕೊಳ್ಳೋಕಾ? ನಾಳೆ ಬೀಗರು ಕೂರೋ ಗಾಡಿ ಅದು! ಸ್ಕ್ರೀನಿನಲ್ಲಿ ದಾರಿ ಕಾಣದೆ ಒಂದಡಿ ಗಾಡಿ ಸರಿಸಿದ್ಯೋ, ನೋಡು ಮತ್ತೆ!"

"ಆಯ್ತವ್ವ, ಹಂಗೇ ಮಾಡ್ತೀನಿ."

ಭಾನುವಾರ ಒಂಬತ್ತಕ್ಕೇ ಹೊರಟ. ಗೇಟಿನಿಂದ ರಿವರ್ಸಿನಲ್ಲಿ ಅಚ್ಚುಕಟ್ಟಾಗಿ ಹೊರಗೆ ಹೋದ. ನಾನು ನೆಮ್ಮದಿಯಿಂದ ಒಳಗೆ ಬಂದು ಒಗ್ಗರಣೆಗೆ ಇಟ್ಟೆ. ಅಣ್ಣ ಬಂದರು. ಅವರ ಬ್ಯಾಟರಿ ಅವರಿಗೆ ಕೊಟ್ಟೆ, ಅದು ಜೇಬಿನಲ್ಲಿ ಚಿಲ್ಲರೆ ಕಾಸಿನ ಜೊತೆ ಬಿದ್ದು ಸತ್ತಿತ್ತು.

ಹನ್ನೊಂದಕ್ಕೆ ಬೀದಿಯಲ್ಲಿ ಗದ್ದಲ. ಕಾಲಿಗೆ ನೀರು ಕೊಡಲು ಚೆಂಬು ಹಿಡಿದು ಗೇಟಿಗೆ ಬಂದೆ. ದೂರದಲ್ಲಿ ನಮ್ಮ ಕಾರು. ಆದರೆ ಮೂತಿಯ ಬದಲು ಬೆನ್ನು ಕಾಣುತ್ತಿದೆ. ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯಲಿಲ್ಲ. ಬರುತ್ತಿತ್ತು. ಹಿಂದುಹಿಂದಾಗಿ ಬರುತ್ತಿತ್ತು! ಅದನ್ನು ಹಿಂಬಾಲಿಸಿ ಎರಡು ಆಟೊ, ಒಂದು ಹಾಲಿನ ವ್ಯಾನು, ಸೈಕಲ್ಲಿನವರು. ಹಿಂದುಹಿಂದಾಗಿಯೇ ನಮ್ಮ ಗೇಟಿನೊಳಗೆ ಬಂದು, ಬೀದಿಗೆ ಮೂತಿ ಮಾಡಿ ನಿಂತಿತು.

ಹುಡುಗಿಯ ತಂದೆ ಕೊಟ್ರಬಸಪ್ಪನವರು ಇಳಿದರು. ಬೆವರು ಒರೆಸಿಕೊಂಡರು. "ಸ್ಟೇಷನ್ನಿಂದ ಇಲ್ಲಿ ತನಕ ಹಿಂಗೇ ಬಂದ್ವಿ ನೋಡ್ರಿ, ಊರಿಗೆ ವಾಪಸ್ ಹೊಂಟಂಗೆ! ಸರ್ಕಲ್ನಾಗೆ ಪೊಲೀಸಪ್ಪ ಸೀಟಿ ಬಾಯಾಗಿಟ್ಕೊಂಡು ಯಾವ ಕಡೆ ಕೈ ಮಾಡ್ಬೇಕೋ ತಿಳೀದೆ ನಿಂತುಬಿಟ್ಟ. ನಿಮ್ಮ ಕಡೆ ಬೀಗರನ್ನ ಹಿಂಗೇ ಕರ್ಕೊಂಡು ಬರೋದೇನ್ರಿ?"

ಚೆಂಬನ್ನು ಅವರ ಕೈಗಿಟ್ಟೆ. ಹೋಯಿತು, ಎಂಟನೆಯದೂ ಹೋಯಿತು.

ದಾಕ್ಷಾಯಿಣಿ ಇಳಿದಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ಸೆರಗು ತೆಗೆದಾಗ ನೋಡಿದರೆ ನಕ್ಕು ನಕ್ಕು ಕಣ್ಣಲ್ಲಿ ನೀರು.

"ಯಾಕ್ರಿ ಹಿಂದಕ್ಕೆ ಓಡಿಸಿದ್ರಿ?" ಎಂದು ಇವನನ್ನು ಕೇಳಿದಳು.

"ಸ್ಕ್ರೀನ್ನಾಗೆ ದಾರಿ ಕಾಣೋದು ಹಿಂದಕ್ಕೆ ಹೋಗುವಾಗ ಮಾತ್ರ. ದಾರಿ ಕಾಣದೆ ಒಂದಡಿ ಸರಿಸಬ್ಯಾಡ ಅಂತ ಅವ್ವ ಹೇಳಿದ್ಲು."

ಅವಳು ನನ್ನ ಕಡೆ ತಿರುಗಿದಳು. "ಹೌದೇನ್ರಿ ಅಮ್ಮಾ? ನೀವು ಏನಂತ ಹೇಳಿದ್ರಿ?"

ನಾನು ದಾಖಲೆ ಇಟ್ಟವಳು, ಯಾರಿಗೆ ಹೆದರಬೇಕು? ಡೈರಿ ತಂದೆ. ಸೋಮವಾರದಿಂದ ಓದಿದೆ: ನಾನು ಹೇಳಿದ್ದು ಇದು, ಇವನು ಮಾಡಿದ್ದು ಇದು. ಸ್ಕ್ರೂ, ಚೀಟಿ, ಬ್ಯಾಟರಿ, ಡ್ರಮ್ಮು. ಬ್ಯಾಟರಿಯ ಹತ್ತಿರ ಅಣ್ಣ ಏನೂ ಕೇಳಿಸದಿದ್ದರೂ ಎಲ್ಲರ ಜೊತೆ ನಕ್ಕರು. ದಾಕ್ಷಾಯಿಣಿ ಮಾತ್ರ ನಗಲಿಲ್ಲ. ಡೈರಿ ಈಸಿಕೊಂಡು, ಹುಡುಗರ ಉತ್ತರಪತ್ರಿಕೆ ನೋಡುವಂತೆ ಸಾಲಿನ ಮೇಲೆ ಬೆರಳಿಟ್ಟು ನೋಡಿದಳು.

"ಅಮ್ಮಾ, ಇವರ ಉತ್ತರ ಎಲ್ಲಾ ಸರಿ ಇದಾವೆ" ಎಂದಳು. "ಪ್ರಶ್ನೆಪತ್ರಿಕೆನೇ ತಪ್ಪು."

ನನ್ನ ಜನ್ಮದಲ್ಲಿ ನನ್ನನ್ನು ಫೇಲ್ ಮಾಡಿದವಳು ಅವಳೊಬ್ಬಳೇ. ನಾನು ಟ್ರಂಕಿನ ಅಂಕಪಟ್ಟಿ ತರಲು ಎದ್ದೆ. ಅಣ್ಣ ಕೈ ಹಿಡಿದು ಕೂರಿಸಿದರು.

"ಅಪ್ಪಾ, ನನ್ನ ಕ್ಲಾಸಿನಾಗೆ ನಲವತ್ತು ಹುಡುಗ್ರು, ಸ್ಟಾಫ್ ರೂಮಿನಾಗೆ ಎಂಟು ಗಂಡಸರು" ಎಂದಳು ದಾಕ್ಷಾಯಿಣಿ. "ಹೇಳಿದ್ದನ್ನ ಕೇಳೋನು ಒಬ್ಬನೂ ಇಲ್ಲ. ಇವರು ಕೇಳ್ತಾರೆ. ನನಗೆ ಒಪ್ಪಿಗೆ."

ಗುರುಶಾಂತ ನನ್ನ ಮುಖ ನೋಡಿದ. ಯಾರೂ ಹೇಳದೆಯೇ, "ನನಗೂ" ಎಂದ.

ಹೊರಡುವಾಗ ಅವಳು ಕಾರಿನ ಪಕ್ಕ ನಿಂತು, ನನಗೂ ಕೇಳಿಸುವಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ನೋಡ್ರಿ. ಇನ್ನು ಮೇಲೆ ಗಾಡಿ ಯಾವಾಗ್ಲೂ ಮುಂದಕ್ಕೇ ಹೋಗ್ಬೇಕು. ಹಿಂದಕ್ಕೆ ಒಂದಡಿನೂ ಹೋಗ್ಬಾರ್ದು. ತಿಳೀತಾ?"

"ತಿಳೀತು. ಹಂಗೇ ಮಾಡ್ತೀನಿ."

ಪ್ರಶ್ನೆ ಕೇಳುವುದು ಹೀಗೆ ಎನ್ನುವಂತೆ ನನ್ನ ಕಡೆ ನೋಡಿದಳು. ನಾನು ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡೆ. ಗಂಟೆಯನ್ನೂ ಹಾಕಿದೆ.

ಅವನು ಮುಂದಕ್ಕೇ ಓಡಿಸಿ ಅವರನ್ನು ಸ್ಟೇಷನ್ನಿಗೆ ಬಿಟ್ಟ. ಮುಂದಕ್ಕೇ ಓಡಿಸಿಕೊಂಡು ಬಂದು, ಮೂತಿ ಮುಂದಾಗಿ ಕಾಂಪೌಂಡಿನಲ್ಲಿ ನಿಲ್ಲಿಸಿದ.

ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ. ಹಿತ್ತಲಿನಲ್ಲಿ ಧಡ್, ಧಡ್ ಎಂದು ಸದ್ದು. ಹೋಗಿ ನೋಡಿದರೆ ಇಬ್ಬರು ಗಾರೆಯವರು ಹಿಂದಿನ ಗೋಡೆ ಒಡೆಯುತ್ತಿದ್ದಾರೆ. ಅರ್ಧ ಗೋಡೆ ಆಗಲೇ ನೆಲಕ್ಕೆ ಬಂದಿದೆ, ಆಚೆಯ ಓಣಿ ಕಾಣುತ್ತಿದೆ. ಕಾರು ಅದರ ಎದುರಿಗೆ ಸದ್ದು ಮಾಡುತ್ತಾ ನಿಂತಿದೆ. ಒಳಗೆ ಗುರುಶಾಂತ, ವಚನ ಹಾಕಿಕೊಂಡು ಕೂತಿದ್ದಾನೆ.

"ಭಟ್ಟಿಗೆ ಹೋಗ್ಬೇಕವ್ವ" ಎಂದ. "ಹಿಂದಕ್ಕೆ ಹೋಗಂಗಿಲ್ಲ."

ನಾನು ಬೈಯಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಒಳಗೆ ಹೋಗಿ ರಾಣೆಬೆನ್ನೂರಿಗೆ ಫೋನ್ ಮಾಡಿದೆ. "ದಾಕ್ಷಾಯಿಣಿ, ನಿನ್ನ ಪ್ರಶ್ನೆಪತ್ರಿಕೆಗೆ ಉತ್ತರ ಬಂದಿದೆ ಕಣವ್ವ. ಕೇಳಿಸ್ಕೋ" ಎಂದು ಫೋನನ್ನು ಹಿತ್ತಲ ಕಡೆ ಹಿಡಿದೆ.

ಎರಡು ಏಟು ಕೇಳಿದಳು. ಮೂರನೆಯದಕ್ಕೆ ನಗು ಬಂತು. "ಅಮ್ಮಾ," ಎಂದಳು, "ಹೆಂಗೂ ಒಡ್ದಿದಾರೆ, ಗೇಟು ಅಗಲವಾಗೇ ಇಡಿಸ್ರಿ."

ಖರ್ಚು ಹೀಗಾಯಿತು: ಸ್ಕ್ರೀನು, ಕ್ಯಾಮೆರಾ ಸೇರಿ ಒಂಬತ್ತು ಸಾವಿರದ ಇನ್ನೂರು. ನೂರುಲ್ಲಾನ ಕೂಲಿ ಎರಡು ಸಾವಿರದ ಮುನ್ನೂರು. ಫ್ಯೂಸು, ವೈರು ನಾನೂರ ನಲವತ್ತು. ಅಣ್ಣನ ಕಿವಿಯ ಬ್ಯಾಟರಿ ಅರವತ್ತು. ನೀರಿನ ಡ್ರಮ್ಮು ಒಂದು ಸಾವಿರದ ಮುನ್ನೂರೈವತ್ತು. ಹಿಂದಿನ ಗೇಟು, ಗಾರೆ ಕೆಲಸ ಸೇರಿ ಇಪ್ಪತ್ತೇಳು ಸಾವಿರದ ಐನೂರು. ಒಟ್ಟು ನಲವತ್ತು ಸಾವಿರದ ಎಂಟುನೂರೈವತ್ತು ರೂಪಾಯಿ. ಮದುವೆಯ ಖರ್ಚು ಬೇರೆ ಪುಸ್ತಕದಲ್ಲಿದೆ.