ಹೊಟ್ಟೆಯೊಳಗಿನ ಟಗರು

ಒಂದಾನೊಂದು ಊರು, ಆ ಊರಿಗೊಬ್ಬ ರಾಜ, ಆ ರಾಜನಿಗೊಬ್ಬ ಮಂತ್ರಿ ಇದ್ದರಂತೆ. ರಾಜನಿಗೆ ಬುದ್ಧಿ ಕಡಿಮೆ, ಮಂತ್ರಿಗೆ ಅಷ್ಟೂ ಇರಲಿಲ್ಲ. ಮಂತ್ರಿಯ ಹೆಸರು ಸಂಪಿಗೆರಾಯ. ಮೂಗಿಗೆ ಅತ್ತರಿನ ವಸ್ತ್ರ ಹಿಡಿಯದೆ ಹೊಸಿಲು ದಾಟುತ್ತಿರಲಿಲ್ಲವಂತೆ, ಮಹಾನುಭಾವ!

ಒಂದು ಸಲ ಹಡಗಿನ ವ್ಯಾಪಾರಿಗಳು ರಾಜನಿಗೆ ಬಿಳಿ ಕುರಿಗಳನ್ನು ತಂದುಕೊಟ್ಟರು. ಉಣ್ಣೆಯೋ, ಬೆಣ್ಣೆ! ರಾಜ ಅದರ ಶಾಲು ಹೊದ್ದು ಮೂರು ದಿನ ಕನ್ನಡಿಯ ಮುಂದೆ ನಿಂತನಂತೆ. ನಾಲ್ಕನೆಯ ದಿನ ಡಂಗುರ ಹೊಡೆಸಿದ: "ನಮ್ಮ ಸೀಮೆಯ ಕರಿ ಕುರಿಯದು ಉಣ್ಣೆಯಲ್ಲ, ಹಂದಿ ಕೂದಲು. ಕರಿ ಟಗರುಗಳ ಬೀಜ ತೆಗೆಯಿರಿ, ಆ ಸಂತಾನವೇ ಮುಗಿಯಲಿ!"

ಆ ಸೀಮೆಯಲ್ಲಿ ಕುರುಬರ ಹಟ್ಟಿಗಳು ಏಳು. ಆರು ಹಟ್ಟಿಯವರು ಹೆದರಿ ತಲೆಬಾಗಿ, ತಮ್ಮ ಟಗರುಗಳ ಬೀಜ ತೆಗೆಸಿದರು. ಏಳನೆಯದು ಜಕ್ಕವ್ವನದು. ಗಂಡ ಸತ್ತ ಮೇಲೆ ಒಬ್ಬಳೇ ಕುರಿ ಮೇಯಿಸಿಕೊಂಡಿದ್ದ ಹೆಂಗಸು. ಅವಳ ಹಿಂಡಿಗೆ ಕಾಳಿಂಗ ಅಂತ ಒಂದೇ ಟಗರು. ಅವನ ವಂಶ ಮುಗಿದರೆ ಅವಳ ಬಾಳೂ ಮುಗಿದ ಹಾಗೇ.

ಮುಂಗಾರಿನ ಮಿರುಗದ ಮಳೆ ಹಿಡಿದಾಗ ಸಂಪಿಗೆರಾಯ ಪಲ್ಲಕ್ಕಿಯಲ್ಲಿ ಬಂದು, ಮೂಗು ಮುಚ್ಚಿಕೊಂಡೇ ಅಪ್ಪಣೆ ಹೇಳಿದ. ಜಕ್ಕವ್ವ ಕಾಳಿಂಗನಿಗೆ ಅಡ್ಡ ನಿಂತಳು. ಆದರೂ ಕೈ ಮುಗಿದಳು.

"ಆಗಲಿ ಧಣಿ. ಆದ್ರ ಮಳೆಗಾಲದಾಗ ಬೀಜ ತೆಗೆದ್ರ ಗಾಯಕ್ಕ ಹುಳ ಬೀಳ್ತಾವರೀ. ಆ ಹುಳ ನಿಮ್ಮ ಬಿಳಿ ಕುರಿಗೂ ಹತ್ತಿದ್ರ ನನ್ನ ಬೈಬ್ಯಾಡ್ರಿ. ದಸರಾ ಕಳೀಲಿ, ನಾನೇ ಟಗರು ಹಿಡಿದು ಕೊಡ್ತೀನಿ."

ಹುಳ ಅಂದ ಕೂಡಲೇ ಮಂತ್ರಿಯ ಪಲ್ಲಕ್ಕಿ ತಿರುಗಿತು.

ಮಳೆಗಾಲದಲ್ಲಿ ಕುರಿಗಳು ಬೆದೆಗೆ ಬರುತ್ತವೆ ಅನ್ನುವುದು ಹಟ್ಟಿಯ ನಾಯಿಗೂ ಗೊತ್ತು. ಅರಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ! ದಸರೆ ಬರುವಷ್ಟರಲ್ಲಿ ಹಿಂಡಿನ ಕುರಿಗಳೆಲ್ಲ ಗಬ್ಬವಾಗಿದ್ದವು. ಮಂತ್ರಿ ಬಂದ, ಕಾಳಿಂಗನ ಬೀಜ ತೆಗೆಸಿದ, "ಮುಗೀತು ಕರಿ ಸಂತಾನ!" ಅಂತ ಮೀಸೆ ತಿರುವಿಕೊಂಡು ಹೋದ.

ಜಕ್ಕವ್ವ ಕಾಳಿಂಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳಂತೆ. ಗಾಯಕ್ಕೆ ಅರಿಶಿನ ಮೆತ್ತುತ್ತಾ, "ಹೊಟ್ಟ್ಯಾಗಿನ ಟಗರು ಯಾವ ರಾಜನ ಕಣ್ಣಿಗೆ ಕಂಡೀತು, ಕಾಳಿಂಗಾ?" ಅಂದಳಂತೆ.

ಚಳಿಗಾಲಕ್ಕೆ ಮರಿಗಳಾದವು. ಅವುಗಳಲ್ಲಿ ಏಳು ಟಗರು ಮರಿ, ಏಳೂ ಅಪ್ಪನ ಹಾಗೇ ಕಪ್ಪು. ಕೆಲಸ ಮುಗಿಯಿತೆಂದುಕೊಂಡ ಮಂತ್ರಿ ಅತ್ತ ತಲೆ ಹಾಕಲಿಲ್ಲ.

ಮರುವರ್ಷ ಮಳೆಗಾಲ ಬಂತು. ಅಲ್ಲಿಯವರೆಗೆ ಲಾಯದಲ್ಲಿ ಕಡಲೆ ತಿನ್ನುತ್ತಿದ್ದ ಬಿಳಿ ಕುರಿಗಳನ್ನು ರಾಜ ವಾಲಗದ ಸಮೇತ ಅಡವಿಗೆ ಹೊಡೆಸಿದ. ಶಾಲು ಹೊದ್ದು ತಾನೂ ಹೊರಟ. ಮಳೆ ಒಂದು ದಿನ ಹೊಯ್ಯಿತು, ಎರಡು ದಿನ ಹೊಯ್ಯಿತು, ಏಳು ದಿನ ಹೊಯ್ಯಿತು. ಉಣ್ಣೆ ನೀರು ಕುಡಿಯಿತು, ಗೊರಸು ಕೊಳೆಯಿತು. ಬೆಣ್ಣೆಯಂಥ ಕುರಿಗಳು ಬೆಣ್ಣೆಯಂತೆಯೇ ಕರಗಿಹೋದವು. ರಾಜ ಹಲ್ಲು ಕಟಕಟಿಸುತ್ತಾ ಮಂತ್ರಿಯ ಜೊತೆ ಜಕ್ಕವ್ವನ ಹಟ್ಟಿಗೆ ಬಂದು ಬಿದ್ದ.

ಜಕ್ಕವ್ವ ಹುಣಸೆ ಬೀಜದ ಗಂಜಿ ಹಾಕಿದ ಕರಿ ಕಂಬಳಿ ಹೊದಿಸಿದಳು. ಮಳೆ ನೀರು ಮೇಲಿಂದಲೇ ಜಾರಿಹೋಯಿತು. ರಾಜನಿಗೆ ಜೀವ ಬಂತು.

"ಇದು ಯಾವ ದೇಶದ ಉಣ್ಣೆ ತಾಯೀ?"

"ಹಂದಿ ಕೂದಲ್ರೀ, ಮಹಾರಾಜ್ರ!"

ರಾಜನ ಮುಖ ಇಂಗು ತಿಂದ ಮಂಗನ ಹಾಗಾಯಿತಂತೆ. ಹಟ್ಟಿಯಲ್ಲಿದ್ದ ಏಳು ಕರಿ ಟಗರುಗಳನ್ನು ನೋಡಿ, ತಲೆ ತಗ್ಗಿಸಿ, "ನನಗೂ ಒಂದು ಟಗರು ಕೊಡವ್ವಾ" ಅಂದ.

"ಮೊದಲು ಆರು ಹಟ್ಟಿಗೆ ಆರು. ಉಳಿದದ್ದು ಒಂದು, ಅದು ನಂದು. ನಿಮಗ ಮುಂದಿನ ಸೂಲಿನಾಗ ಕೊಡ್ತೀನಿ. ಆದ್ರ ಆಗ ಹುಟ್ಟಿದ ಮರಿಗಳನ್ನ ಅಡವಿಯಿಂದ ಹಟ್ಟಿಗೆ ನಿಮ್ಮ ಮಂತ್ರಿನೇ ಹೊತ್ತು ತರಬೇಕು. ಕುರಿ ಅಂದ್ರ ಏನು ಅಂತ ಆ ಮೂಗಿಗೂ ತಿಳೀಲಿ!"

ಹಾಗೇ ಆಯಿತು. ಚಳಿಗಾಲವೆಲ್ಲ ಸಂಪಿಗೆರಾಯ ಹಸಿ ಮರಿಗಳನ್ನು ಅದೇ ಅತ್ತರಿನ ವಸ್ತ್ರದಲ್ಲಿ ಕಟ್ಟಿಕೊಂಡು ಹೊತ್ತನಂತೆ. ಮರಿಗಳು ಅವನ ಬೆನ್ನ ಮೇಲೇ ಉಚ್ಚೆ ಹೊಯ್ದವು. ಎರಡು ಕೈಯಲ್ಲೂ ಮರಿ, ಮೂಗು ಮುಚ್ಚಲು ಮೂರನೆಯ ಕೈ ಎಲ್ಲಿಂದ ಬರಬೇಕು?

ಈಗ ಕಾಣುವ ಕರಿ ಕುರಿಗಳೆಲ್ಲ ಆ ಏಳು ಟಗರಿನ ಸಂತಾನವಂತೆ. ಕುರಿ ಹಟ್ಟಿ ಸೇರಿತು, ಕಂಬಳಿ ಹೆಗಲೇರಿತು, ನನ್ನ ಕತೆ ನಿಮ್ಮ ಕಿವಿ ಸೇರಿತು.