ಅಪ್ಪಣೆಯಿದ್ದಷ್ಟೇ ಕೌದಿ

"ಸೂಜಿ ನನ್ನೊಬ್ಬನ ಕೈಯಲ್ಲಿರಲಿ ಪ್ರಭು, ಆ ಕೌದಿ ನೋಡಿ ದೇವೇಂದ್ರ ಹೊಟ್ಟೆಕಿಚ್ಚಿಗೆ ತನ್ನ ಪೀತಾಂಬರ ಹರಿದುಕೊಳ್ಳದಿದ್ದರೆ ಕೇಳಿ!" ಎಂದು ಅರಮನೆಯ ಉಡುಪಿನ ಅಧಿಕಾರಿ ಗುಂಡೇರಾಯ ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡ.

ಅದೇನು ಸಾಮಾನ್ಯ ಕೌದಿಯೇ? ಹುಲಗನೂರಿನ ಛತ್ರದ ಕೌದಿ! ನೂರು ಜನ ಹೊದ್ದು ಮಲಗಿದರೂ ಒಂದು ಮದುವೆ ದಿಬ್ಬಣಕ್ಕೆ ಜಾಗ ಮಿಗುತ್ತಿತ್ತು. ಮೂಡಣ ತುದಿಯವನು ಮಗ್ಗುಲು ಬದಲಿಸಿದರೆ ಅದರ ಎಳೆತ ಪಡುವಣ ತುದಿಯವನಿಗೆ ತಲುಪುವಷ್ಟರಲ್ಲಿ ಬೆಳಗಾಗುತ್ತಿತ್ತು. ನಂಬದವರು ಹೋಗಿ ಅಳೆದುಕೊಂಡು ಬರಲಿ. ಬುತ್ತಿ ಮಾತ್ರ ಕಟ್ಟಿಕೊಂಡು ಹೋಗಲಿ.

ಹೊಲಿದವರು ಯಾರು ಎಂದರೆ, ಎಲ್ಲರೂ. ಛತ್ರದ ಕಂಬದಲ್ಲಿ ಸೂಜಿ ದಾರ ನೇತಾಡುತ್ತಿತ್ತು. ರಾತ್ರಿ ಹೊದ್ದವನು ಬೆಳಿಗ್ಗೆ ಎಲ್ಲಾದರೂ ಹರಿದದ್ದು ಕಂಡರೆ ತನ್ನ ಹಳೇ ಪಂಚೆಯದೋ ಹೆಂಡತಿಯ ಸೀರೆಯದೋ ತುಂಡು ಹಚ್ಚಿ ಹೊಲಿದು ದಾರಿ ಹಿಡಿಯುತ್ತಿದ್ದ. ಹೊಲಿಗೆ ಸೊಟ್ಟಗಿದ್ದರೆ ಮರುದಿನ ಬಂದವನು ಅವನನ್ನು ಬಾಯ್ತುಂಬ ಬೈದು, ಬಿಚ್ಚಿ, ನೆಟ್ಟಗೆ ಮಾಡುತ್ತಿದ್ದ. ಛತ್ರ ನೋಡಿಕೊಳ್ಳುವ ಕಾಶವ್ವ ಹೇಳುತ್ತಿದ್ದದ್ದು ಒಂದೇ ಮಾತು: "ಬೈದಾದ ಮೇಲೆ ಗಂಟು ಹಾಕೋದು ಮರೀಬೇಡ್ರಪ್ಪಾ."

ಗುಂಡೇರಾಯನಿಗೆ ಇದನ್ನು ಕಂಡರೆ ಮೈಯೆಲ್ಲ ತುರಿಕೆ. "ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ಯಾರದೋ ಲಂಗೋಟಿ! ಹೇಳುವವರು ಕೇಳುವವರು ಬೇಡವೇ ಪ್ರಭು?"

ಅರಸ ಚೆನ್ನಭೂಪನಿಗೆ ಊಟದ ಹೊತ್ತು ಮೀರಿತ್ತು. "ಆಗಲಿ, ಆಗಲಿ" ಎಂದು ಎದ್ದ.

ಸಂಜೆಗೆ ಡಂಗುರ ಬಿತ್ತು. ಗುಂಡೇರಾಯರ ಅಪ್ಪಣೆಯಿಲ್ಲದೆ ಕೌದಿಗೆ ಯಾರೂ ಸೂಜಿ ತಾಕಿಸಕೂಡದು! ಕಂಬದ ಸೂಜಿ ರಾಯರ ಪೇಟಕ್ಕೆ ಏರಿತು.

ಜನ ತುಂಡು ಬಟ್ಟೆ ಹಿಡಿದು ಅವನ ಮನೆ ಮುಂದೆ ನಿಂತರು. "ನಿನ್ನ ದಾರ ದಪ್ಪ." "ನಿನ್ನ ಬಣ್ಣಕ್ಕೆ ಮರ್ಯಾದೆಯಿಲ್ಲ." "ತುಂಡೇನೋ ಚೆನ್ನಾಗಿದೆ, ನಿನ್ನ ಮುಖ ಸರಿಯಿಲ್ಲ." ಕೊನೆಗೆ ಅವನು ಅಪ್ಪಣೆ ಕೊಟ್ಟದ್ದು ಒಂದೇ ತೇಪೆಗೆ, ತನ್ನದಕ್ಕೆ. ಅಂಗೈ ಅಗಲದ ರೇಷ್ಮೆ, ಅದರ ಮೇಲೆ ಚಿನ್ನದ ಎಳೆಯಲ್ಲಿ ತನ್ನ ಗುರುತು. ಕೌದಿಯ ನಟ್ಟನಡುವೆ ಅದನ್ನು ಹೊಲಿದು, ದಣಿವಾಯಿತೆಂದು ಮನೆಗೆ ಹೋಗಿ ಮಲಗಿದ.

ಇತ್ತ ಕೌದಿ ಹರಿಯುತ್ತಲೇ ಹೋಯಿತು. ಹೆಚ್ಚು ಕಂಗೆಟ್ಟವನು ಆಸ್ಥಾನದ ವಿದೂಷಕ ಗಿರಿಮಲ್ಲ. ಹಬ್ಬದೂಟಕ್ಕೆಂದು ಬಂದು ಅಲ್ಲೇ ಬೇರು ಬಿಟ್ಟಿದ್ದ ಭಾವಮೈದುನನ ಗೊರಕೆಗೆ ಅವನ ಮನೆಯ ಹೆಂಚುಗಳು ಜಾರುತ್ತಿದ್ದವು. ಹಾಗಾಗಿ ಪಾಪ, ಅವನು ಛತ್ರದಲ್ಲೇ ಮಲಗುತ್ತಿದ್ದ.

"ಕಾಶವ್ವಾ, ರಾತ್ರಿಯೆಲ್ಲ ನನ್ನ ಕಾಲು ಪರದೇಶದಲ್ಲಿತ್ತು" ಎಂದ ಬೆಳಿಗ್ಗೆ, ಕೌದಿಯ ತೂತಿನಿಂದ ಕಾಲು ಎಳೆದುಕೊಳ್ಳುತ್ತ.

"ನಿನಗೆ ತಮಾಷೆ ಮಲ್ಲಣ್ಣಾ. ನಿನ್ನೆ ಎಳೇ ಕೂಸಿನ ತಾಯಿ ಬಾಗಿಲಿಂದಲೇ ವಾಪಸ್ ಹೋದಳು. ಮಾಗಿ ಚಳಿ ಹೀಗೇ ಹೊಡೆದರೆ ಛತ್ರಕ್ಕೆ ಬೀಗ ಹಾಕಬೇಕಾಗುತ್ತದೆ."

"ಅಂಗಳ ಗುಡಿಸಿಡು. ಕೌದಿ ಪೂರ್ತಿ ಬಿಚ್ಚೋಣ."

"ಹೊಲಿಯೋದು ಬಿಟ್ಟು ಬಿಚ್ಚೋದೇ? ತಲೆ ಕೆಟ್ಟಿತೇನೋ?"

"ಕೆಟ್ಟದ್ದು ನನ್ನದಲ್ಲ ಕಾಶವ್ವಾ, ರಾಯರದು."

ಅಂದೇ ಸಭೆಯಲ್ಲಿ ಅರಸ ಮೀಸೆ ತಿರುವುತ್ತ ಸಾರಿದ: "ನಾಳೆ ಸಂಜೆ ನಮ್ಮ ಮಾವನವರು ಬರುತ್ತಾರೆ. ಛತ್ರದ ಕೌದಿ ಹೊದ್ದು ಮಲಗಿಯೇ ತೀರಬೇಕಂತೆ. ಜೊತೆಗೆ ನಾವೂ ಮಲಗುತ್ತೇವೆ!"

ಗಿರಿಮಲ್ಲ ದೊಪ್ಪನೆ ಅಡ್ಡಬಿದ್ದ. "ಅನಾಹುತ ಪ್ರಭು! ಅದರಲ್ಲಿ ಅಪ್ಪಣೆಯಿಲ್ಲದ ತೇಪೆಗಳು ಇನ್ನೂ ಇವೆ. ಅಂಥದ್ದನ್ನು ಅರಸರೇ ಹೊದ್ದರೆ ಗುಂಡೇರಾಯರ ಮಾತಿಗೆ ಏನು ಬೆಲೆ?"

ಗುಂಡೇರಾಯ ಉಬ್ಬಿದ. "ಈ ಕೋಡಂಗಿ ಮೊದಲ ಸಲ ನೆಟ್ಟಗೆ ಮಾತಾಡಿದ! ನನ್ನ ಗುರುತಿಲ್ಲದ ತೇಪೆಯನ್ನೆಲ್ಲ ಕಿತ್ತುಹಾಕಿ. ಅಡಿಯಲ್ಲಿರುವ ಅಸಲಿ ಕೌದಿ ಥಳಥಳ ಹೊಳೆಯುತ್ತದೆ!"

"ತಾವೇ ನಿಂತು ಮಾಡಿಸುತ್ತೀರಾ ರಾಯರೇ?"

"ದೂಳೆಂದರೆ ನನಗೆ ಸೀನು. ನೀನೇ ಮಾಡಿಸು."

ಅರಸ ಹೂಂ ಅಂದ. ಗಿರಿಮಲ್ಲ ಊರಿಗೆ ಊರನ್ನೇ ಕರೆದ. ಅವರವರ ತೇಪೆ ಅವರವರು ಬಿಚ್ಚಿಕೊಂಡರು. ಊರು ಬಿಟ್ಟವರದನ್ನು ಕಾಶವ್ವ ಮಡಚಿಟ್ಟಳು.

ಮರುದಿನ ಸಂಜೆ ಅರಸನ ಮಾವ ಬಂದ. ಮೊದಲು ಹೊಟ್ಟೆ ಬಂತು, ಆಮೇಲೆ ಅವನು. ಛತ್ರದೊಳಗೆ ಚಳಿಗಾಳಿ ಸುಯ್ ಎನ್ನುತ್ತಿತ್ತು.

"ಎಲ್ಲಿ ಅಳಿಯಂದಿರೇ, ನಿಮ್ಮ ಕೌದಿ?"

ಗಿರಿಮಲ್ಲ ಬೆಳ್ಳಿ ತಟ್ಟೆ ಹಿಡಿದು ಬಂದ. ತಟ್ಟೆಯಲ್ಲಿ ಅಂಗೈ ಅಗಲದ ರೇಷ್ಮೆ ತುಂಡು.

"ಏನೋ ಇದು?" ಎಂದ ಅರಸ.

"ಕೌದಿ, ಪ್ರಭು."

"ಮಿಕ್ಕಿದ್ದೆಲ್ಲಿ?"

"ಮಿಕ್ಕಿದ್ದಕ್ಕೆ ಅಪ್ಪಣೆ ಇರಲಿಲ್ಲ."

ಗುಂಡೇರಾಯ ಬೆವರಿದ. ಆ ಚಳಿಯಲ್ಲಿ ಬೆವರಿದವನು ಅವನೊಬ್ಬನೇ. "ತೇಪೆಗಳ ಅಡಿಯಲ್ಲಿದ್ದ ಅಸಲಿ ಕೌದಿ ಎಲ್ಲೋ?"

"ತೇಪೆ ಅಡಿಗೆ ಇನ್ನೊಂದು ತೇಪೆ ಇತ್ತು ರಾಯರೇ" ಎಂದಳು ಕಾಶವ್ವ. "ಅದರಡಿಗೆ ಮತ್ತೊಂದು. ಎಲ್ಲದರ ಅಡಿಗೆ ನೆಲ ಇತ್ತು."

ಮಾವನ ಹಲ್ಲು ಕಟಕಟ ಎಂದವು. "ಅಯ್ಯಾ, ಈ ತುಂಡನ್ನು ನಾನು ಎಲ್ಲಿಗೆ ಹೊದೆಯಲಿ?"

ಗಿರಿಮಲ್ಲ ಕೈಮುಗಿದ. "ತಮಗೆ ಎಲ್ಲಿ ಮಾನ ಹೆಚ್ಚೋ ಅಲ್ಲಿಗೆ, ಮಹಾಸ್ವಾಮಿ. ಮಿಕ್ಕ ಮೈ ಮುಟ್ಟಬೇಕಾದರೆ ಗುಂಡೇರಾಯರ ಅಪ್ಪಣೆ ತಗೊಂಡು ಬಾ ಎಂದು ಚಳಿಗೆ ಹೇಳಿಬಿಡಿ!"

ಮಾವ ಮೊದಲು ನಕ್ಕ. ಅವನ ಹೊಟ್ಟೆ ಕುಣಿದದ್ದು ನೋಡಿ ಅರಸನೂ ನಕ್ಕ. ನಕ್ಕು ನಕ್ಕು ಕಿರೀಟ ಜಾರಿತು. "ಏನು ಬೇಕು ಕೇಳೋ, ಕಳ್ಳ!"

"ಸೂಜಿ ಕಂಬಕ್ಕೆ ವಾಪಸ್ ಬರಲಿ ಪ್ರಭು."

ಅರಸ ಗುಂಡೇರಾಯನ ಪೇಟದಿಂದ ಸೂಜಿ ಕಿತ್ತು ಕಾಶವ್ವನ ಕೈಗೆ ಕೊಟ್ಟ. ಹೊರಗೆ ಕಾದಿದ್ದ ಊರು ತಂತಮ್ಮ ಸೂಜಿ, ತುಂಡುಗಳೊಂದಿಗೆ ಒಳನುಗ್ಗಿತು. ಅರಸ ತನ್ನ ಶಾಲಿನ ಅಂಚು ಹರಿದು ತಾನೂ ಕೂತು ಹೊಲಿದ. ಕಾಶವ್ವ ಅದನ್ನು ಅಲ್ಲೇ ಬಿಚ್ಚಿದಳು. "ಮೆಲ್ಲಗೆ ಪ್ರಭು, ಇದು ಯುದ್ಧ ಅಲ್ಲ."

ಮೂಲೆಯಲ್ಲಿ ಗುಂಡೇರಾಯ ರೇಷ್ಮೆ ತುಂಡು ಹಿಡಿದು ನಡುಗುತ್ತ ನಿಂತಿದ್ದ. ಕಡೆಗೆ ಕಾಶವ್ವನ ಹತ್ತಿರ ಬಂದ. "ಇದನ್ನು ಹಚ್ಚಬೇಕಾದರೆ... ಯಾರನ್ನು ಕೇಳಬೇಕು?"

ಕಾಶವ್ವ ಸರಿದು ಜಾಗ ಮಾಡಿ, ಸೂಜಿ ಅವನ ಕೈಗಿಟ್ಟಳು.

"ಯಾರನ್ನೂ ಕೇಳಬೇಡಿ ರಾಯರೇ. ಗಂಟು ಹಾಕೋದು ಮಾತ್ರ ಮರೀಬೇಡಿ."