ಕಂಬದ ಬಾಯಾರಿಕೆ

ಬೇಕರಿಯ ಸಿಮೆಂಟು ಕಂಬ ಹಸಿಯಾಗಿದ್ದಾಗ ಅದನ್ನು ಅಪ್ಪಿಕೊಂಡು ನೀರುಣಿಸಿದ್ದು ಒಂದು ಗೋಣಿಚೀಲ. ಗಟ್ಟಿಯಾದ ಕೂಡಲೇ ಕಂಬ, "ಸಾಕು ಬಿಡಕ್ಕ, ಮೈಯೆಲ್ಲ ಒದ್ದೆ" ಎಂದು ಅದನ್ನು ಕಳಿಸಿಬಿಟ್ಟಿತ್ತು.

ಎಷ್ಟೋ ವರ್ಷಗಳ ಮೇಲೆ ಒಲೆಯ ಬೆಂಕಿ ಬೇಕರಿಗೇ ಹಬ್ಬಿತು. ಕಂಬ ಬೀಳಲಿಲ್ಲ, ಆದರೆ ಅದರೊಳಗಿದ್ದ ನೀರೆಲ್ಲ ಆವಿಯಾಗಿತ್ತು. ಸುತ್ತಿಗೆ ಬಂದು ತಟ್ಟಿ ನೋಡಿತು. ಸದ್ದು ಮಂಕಾಗಿತ್ತು.

"ಸತ್ವ ಹೋಗಿದೆ ತಮ್ಮಾ, ನಿನ್ನನ್ನು ಕೆಡವಬೇಕು. ಏನಾದರೂ ಆಸೆಯಿದ್ದರೆ ಹೇಳು."

"ಗೋಣಿಯಕ್ಕನನ್ನು ಕರೆಸುತ್ತೀರಾ? ನೀರು ಬೇಕು," ಎಂದಿತು ಕಂಬ, ತಲೆ ಎತ್ತದೆ.

"ಇಷ್ಟು ದೊಡ್ಡವನಾಗಿ?" ಸುತ್ತಿಗೆ ನಕ್ಕಿತು.

ಅಷ್ಟರಲ್ಲಿ, ಬೆಂಕಿಯ ಸುದ್ದಿ ಕೇಳಿದ್ದ ಗೋಣಿ ನೀರಿನ ತೊಟ್ಟಿಯಲ್ಲಿ ಮುಳುಗೆದ್ದು ಬಂದು ಕಂಬವನ್ನು ಸುತ್ತಿಕೊಂಡಿತು. "ಬೆಂಕಿ ಇವನ ವಯಸ್ಸು ಕೇಳಿತ್ತೇ ಸುತ್ತಿಗೆಯಣ್ಣ? ಕೆಲವು ವಾರ ತಡೆಯಿರಿ."

ವಾರಗಳು ಕಳೆದು ಸುತ್ತಿಗೆ ಮತ್ತೆ ತಟ್ಟಿದಾಗ ಕಂಬ ಠಣ್ಣೆಂದಿತು. "ಮೊದಲಿನಷ್ಟಲ್ಲ. ಆದರೂ ತಾರಸಿ ಹೊರುತ್ತೀಯ," ಎಂದು ಸುತ್ತಿಗೆ ಹೊರಟುಹೋಯಿತು.

ಗೋಣಿ ಕಟ್ಟು ಸಡಿಲಿಸಿತು. "ಗಟ್ಟಿಯಾದೆಯಲ್ಲ, ಬರಲಾ?"

"ಮೈಯೆಲ್ಲ ಒದ್ದೆ," ಎಂದಿತು ಕಂಬ. "ಆರುವವರೆಗಾದರೂ ಇರಕ್ಕ."

ಒದ್ದೆ ಗೋಣಿ ಅಪ್ಪಿಕೊಂಡಿರುವಷ್ಟು ಕಾಲ ಯಾವ ಕಂಬವೂ ಆರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಗೋಣಿ ಕಟ್ಟನ್ನು ಮತ್ತೆ ಬಿಗಿದುಕೊಂಡಿತು.